ಸಾರುವ ಮಾತುಗಳು



ಯಲಹಂಕವನ್ನು ದಾಟಿ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ರಾಜಾನುಕುಂಟೆಯೆಂಬ ಊರು ಸಿಕ್ಕುತ್ತದೆ. ಕುಂಟೆಯೆಂದರೆ ಸಣ್ಣ ಕೆರೆ. ಹೆಸರಿನಲ್ಲಿ ನೀರು ಉಳಿದಿದೆಯಾದರೂ ಸುತ್ತಲ ಹೊಲಗಳಲ್ಲಿ ಈಗ ರಾಗಿಯ ಪೈರಿಗಿಂತ ನಿವೇಶನದ ಗಡಿಕಲ್ಲುಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಕೆಲವು ದಿನಗಳ ಹಿಂದೆ ಅಲ್ಲಿಯ ಸ್ನೇಹಿತರೊಬ್ಬರನ್ನು ಕಂಡು ಹಿಂದಿರುಗುತ್ತ ಬಸ್ಸಿಗಾಗಿ ಕಾದು ನಿಂತಿದ್ದೆ. ಎದುರಿಗೊಂದು ಗೋಡೆ, ಗೋಡೆಯ ಮೇಲೆ ಮೂರು ಕಾಗದಗಳು. ಒಂದರ ತಲೆಯಲ್ಲಿ ‘ಪ್ರಕಟಣೆ’ ಎಂದಿತ್ತು, ಇನ್ನೊಂದರಲ್ಲಿ ‘ಸೂಚನೆ’, ಮೂರನೆಯದರಲ್ಲಿ ‘ಅಧಿಸೂಚನೆ’. ಅಷ್ಟರಲ್ಲಿ ಧ್ವನಿವರ್ಧಕವನ್ನು ಕಟ್ಟಿಕೊಂಡ ಆಟೋ ಒಂದು ಯಾವುದೋ ಸಭೆಯ ವಿಷಯವನ್ನು ಕೂಗುತ್ತ ಹಾದುಹೋಯಿತು.

ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು, ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿ ಉಪಾಧ್ಯಾಯನೆಂದು ಊಹಿಸಿದರೋ ಏನೋ, “ಮೇಷ್ಟ್ರೇ, ಇದ್ರಲ್ಲಿ ಯಾವ್ದು ಸುಮ್ನೆ ಓದ್ಕೊಂಡು ಹೋಗೋದು, ಯಾವ್ದಕ್ಕೆ ನಾವು ಉತ್ತರ ಕೊಡ್ಬೇಕು?” ಎಂದು ಕೇಳಿದರು.

“ಯಾಕೆ ಯಜಮಾನರೇ?” ಎಂದೆ.

“ಹಿಂದೊಂದ್ಸಲ ಇಂಥದ್ದೇ ಒಂದು ಕಾಗ್ದ ಅಂಟಿಸಿದ್ರು. ಪೇಪರ್ನಲ್ಲಿ ಬರೋ ಸುದ್ದಿ ಥರ ಅಂತ ತಿಳ್ಕೊಂಡೆ. ಎರಡೆಕರೆ ಕೈಬಿಟ್ಟ ಮೇಲೆ ಗೊತ್ತಾಯ್ತು, ಅದಕ್ಕೆ ತಕರಾರು ಹಾಕ್ಬೇಕಿತ್ತು ಅಂತ.”

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಭಾಷೆಯ ಪಾಠ ಹೇಳಿಕೊಂಡು ಬಂದಿರುವ ನನಗೆ ಆ ಕ್ಷಣದಲ್ಲಿ ಸರಿಯಾದ ಉತ್ತರ ಹೊಳೆಯಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ. ಬಸ್ಸು ಬಂದಿತು, ನಾನು ಹತ್ತಿದೆ. ಆದರೆ ಪ್ರಶ್ನೆ ನನ್ನೊಡನೆಯೇ ಊರಿಗೆ ಬಂದಿತು. ಈ ಹೊತ್ತಿನ ಭಾಷಣ ಆ ಯಜಮಾನರಿಗೆ ಅಂದು ನಾನು ಕೊಡದೆ ಬಂದ ಉತ್ತರ.

ಹತ್ತು ಮಂದಿಗೆ ಕೇಳುವಂತೆ ಒಂದು ಮಾತನ್ನಾಡುವುದಕ್ಕೆ ಕನ್ನಡದಲ್ಲಿ ಪದಗಳು ಬಹಳ. ಸಾರುವುದು, ಡಂಗುರ ಹೊಡೆಸುವುದು, ಘೋಷಿಸುವುದು, ಪ್ರಕಟಿಸುವುದು, ಜಾಹೀರು ಮಾಡುವುದು, ಹೇಳಿಕೆ ಕೊಡುವುದು, ನಿರೂಪ ಹೊರಡಿಸುವುದು, ಸುತ್ತೋಲೆ ಕಳುಹಿಸುವುದು—ಹೀಗೆ ಪಟ್ಟಿ ಬೆಳೆಯುತ್ತದೆ. ಇವೆಲ್ಲ ಒಂದೇ ಅರ್ಥವುಳ್ಳವೆಂದು ತಿಳಿದು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವುದು ಈಗ ರೂಢಿಯಾಗಿದೆ. ವಾಸ್ತವದಲ್ಲಿ ಒಂದೊಂದು ಪದವೂ ಮೂರು ಪ್ರಶ್ನೆಗಳಿಗೆ ಬೇರೆಬೇರೆಯಾದ ಉತ್ತರವನ್ನು ತನ್ನ ಗರ್ಭದಲ್ಲಿಟ್ಟುಕೊಂಡಿದೆ. ಈ ಮಾತು ಯಾರದು? ಈ ಮಾತಿನಿಂದ ಏನಾಗುತ್ತದೆ? ಕೇಳಿದವನಿಗೆ ಮರುಮಾತಾಡುವ ಅವಕಾಶವುಂಟೆ? ಈ ಮೂರನ್ನು ಹಿಡಿದುಕೊಂಡು ಕೆಲವು ಪದಗಳನ್ನು ಪರೀಕ್ಷಿಸೋಣ.

ಮೊದಲು ಕಿವಿಗೆ ಸಂಬಂಧಪಟ್ಟ ಪದಗಳು. ‘ಸಾರು’ ಎಂಬ ಕ್ರಿಯಾಪದ ಅಚ್ಚಗನ್ನಡದ್ದು, ಹಳೆಯದು. ಹಳಗನ್ನಡದಲ್ಲಿ ಸಾರುವುದೆಂದರೆ ಹತ್ತಿರಕ್ಕೆ ಹೋಗುವುದೆಂಬ ಅರ್ಥವೂ ಉಂಟು. ಎರಡು ಅರ್ಥಗಳಿಗೂ ಮೂಲದಲ್ಲಿ ಸಂಬಂಧವಿದೆಯೋ ಇಲ್ಲವೋ ಪಂಡಿತರು ವಿಚಾರಿಸಲಿ. ನನಗಂತೂ ಈ ಜೊತೆ ಸೊಗಸಾಗಿ ತೋರುತ್ತದೆ. ಸಾರುವವನು ಕುಳಿತಲ್ಲಿಂದ ಕೂಗುವವನಲ್ಲ. ಬೀದಿಬೀದಿಗೆ ಹೋಗಿ, ಮನೆಯ ಬಾಗಿಲಿನ ಹತ್ತಿರ ನಿಂತು ಹೇಳತಕ್ಕವನು. ‘ಸಾರಿ ಸಾರಿ ಹೇಳಿದೆ’ ಎಂದು ತಾಯಿ ಮಗನನ್ನು ಗದರಿಸುವಾಗ ಅದರಲ್ಲಿ ‘ಕೇಳಲಿಲ್ಲವೆಂದು ನೀನು ಅನ್ನುವ ಹಾಗಿಲ್ಲ’ ಎಂಬ ಧ್ವನಿಯಿದೆ.

ಡಂಗುರದ ಉದ್ದೇಶವೂ ಇದೇ. ಓದು ಬಾರದವರೇ ತುಂಬಿದ್ದ ಊರಿನಲ್ಲಿ ತಮಟೆಯ ಸದ್ದೇ ಗೆಜೆಟ್ಟು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ತೆರೆದು ನೋಡಿದರೆ, ಸ್ಥಿರಾಸ್ತಿಯನ್ನು ಜಪ್ತಿಮಾಡುವ ಆಜ್ಞೆಯನ್ನು ಆ ಸ್ವತ್ತಿನ ಮೇಲೆ ಅಥವಾ ಅದರ ಸಮೀಪದಲ್ಲಿ ಡಂಗುರ ಹೊಡೆಸಿಯೋ ರೂಢಿಯಲ್ಲಿರುವ ಬೇರೆ ವಿಧದಿಂದಲೋ ಸಾರಬೇಕೆಂದೂ, ಆಮೇಲೆ ಅದರ ಪ್ರತಿಯನ್ನು ಎದ್ದು ಕಾಣುವ ಕಡೆ ಅಂಟಿಸಬೇಕೆಂದೂ ಹೇಳಿದೆ. ಕಾನೂನು ಬರೆದವರಿಗೆ ವಿವೇಕವಿತ್ತು. ಕಿವಿಗೂ ಹೇಳಬೇಕು, ಕಣ್ಣಿಗೂ ಹೇಳಬೇಕು. ಅದಾದ ಮೇಲಲ್ಲವೆ ‘ತಿಳಿಸಿದೆವು’ ಎನ್ನುವ ಹಕ್ಕು?

ಆದರೆ ಡಂಗುರದಲ್ಲಿ ಒಂದು ನೋವಿನ ಸಂಗತಿಯೂ ಇದೆ. ತಮಟೆಯನ್ನು ಬಾರಿಸಿ ಕೂಗುತ್ತಿದ್ದವನು ಊರಿನ ತೋಟಿ ಅಥವಾ ತಳವಾರ. ಕಂಠ ಅವನದು; ಮಾತು ಶಾನುಭೋಗ ಪಟೇಲರದು, ಅಮಲ್ದಾರರದು. ಕಂದಾಯ ಕಟ್ಟಿರೆಂದು ಊರಿಗೆಲ್ಲ ಕೇಳುವಂತೆ ಅವನ ದನಿಯನ್ನು ಬಳಸಿಕೊಂಡ ಊರು, ಅವನ ವಾಸವನ್ನು ಮಾತ್ರ ಊರ ಹೊರಗೇ ಇಟ್ಟಿತ್ತು. ಅವನು ಈ ಕೆಲಸವನ್ನು ಬೇಡಿ ಪಡೆದವನಲ್ಲ. ಹುಟ್ಟಿನಿಂದ ಹೆಗಲಿಗೆ ಬಂದ ತಮಟೆ ಅದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಈ ವಂಶಪಾರಂಪರ್ಯವನ್ನು ಕಾನೂನಿನ ಮಟ್ಟಿಗೆ ಮುಗಿಸಿತು. ಸಾರುವವನು ಬೇರೆ, ಮಾತಿನ ಒಡೆಯ ಬೇರೆ ಎಂಬ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡಿರೋಣ, ಮುಂದೆ ಬೇಕಾಗುತ್ತದೆ.

ಕಿವಿಯ ಪದಗಳಲ್ಲಿ ಎರಡನೆಯದು ‘ಘೋಷಣೆ’. ಸಂಸ್ಕೃತದ ‘ಘುಷ್’ ಧಾತುವಿಗೆ ಗಟ್ಟಿಯಾಗಿ ಸದ್ದುಮಾಡುವುದೆಂದು ಅರ್ಥ. ಹಸುಕರುಗಳ ಸದ್ದಿನಿಂದ ತುಂಬಿರುವುದಕ್ಕೋ ಏನೋ, ಗೊಲ್ಲರ ಹಟ್ಟಿಗೂ ಸಂಸ್ಕೃತದಲ್ಲಿ ಘೋಷವೆಂದೇ ಹೆಸರು. ಕನ್ನಡದಲ್ಲಿ ಈ ಪದದ ಬಾಳು ವಿಚಿತ್ರವಾಗಿದೆ. ವೇದಿಕೆಯ ಮೇಲಿನ ಮಂತ್ರಿಗಳು ಹೊಸ ಯೋಜನೆಯನ್ನು ‘ಘೋಷಣೆ’ ಮಾಡುತ್ತಾರೆ. ಅದೇ ಸಮಯದಲ್ಲಿ ವೇದಿಕೆಯ ಕೆಳಗೆ ನಿಂತ ಜನ ಅವರಿಗೆ ವಿರುದ್ಧವಾಗಿ ‘ಘೋಷಣೆ’ ಕೂಗುತ್ತಾರೆ. ಅಧಿಕಾರಕ್ಕೂ ಪ್ರತಿಭಟನೆಗೂ ಒಂದೇ ಪದವನ್ನು ಹಂಚಿಕೊಟ್ಟ ನಮ್ಮ ಭಾಷೆಯ ನಿಷ್ಪಕ್ಷಪಾತವನ್ನು ಮೆಚ್ಚತಕ್ಕದ್ದೇ.

ಮೇಲಿನಿಂದ ಬರುವ ಘೋಷಣೆಗೆ ಒಂದು ವಿಶೇಷ ಶಕ್ತಿಯುಂಟು. ಅದು ಇರುವ ಸಂಗತಿಯನ್ನು ತಿಳಿಸುವುದಲ್ಲ. ಇಲ್ಲದ ಸಂಗತಿಯನ್ನು ಉಂಟುಮಾಡುವುದು. ಆಕ್ಸ್‌ಫರ್ಡಿನ ತತ್ತ್ವಜ್ಞ ಜೆ. ಎಲ್. ಆಸ್ಟಿನ್ನರು 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇಂಥ ಮಾತುಗಳನ್ನೇ ವಿಚಾರಮಾಡಿದರು: ಕೆಲವು ಮಾತುಗಳು ವರದಿಯಲ್ಲ, ಅವೇ ಕಾರ್ಯಗಳು. ನಮ್ಮ ನಾಡಿನಲ್ಲಿ ಇದಕ್ಕೆ ನಿದರ್ಶನ ಬೇಕಾದರೆ, 1949ನೆಯ ನವೆಂಬರ್ 25ರಂದು ಮಹಾರಾಜ ಶ್ರೀ ಜಯಚಾಮರಾಜ ಒಡೆಯರು ತಮ್ಮ ಹೆಸರಿನಿಂದ ಹೊರಡಿಸಿದ ಘೋಷಣೆಯನ್ನು ನೆನೆಯಬಹುದು. ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನವೆಂದು ಅವರು ಸಾರಿದ್ದರಿಂದ ಒಂದು ಸಂಸ್ಥಾನದ ಕಾಲ ಮುಗಿದು ಇನ್ನೊಂದು ಕಾಲಕ್ಕೆ ದಾರಿಯಾಯಿತು. ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ಇದೆ. 1975ನೆಯ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ರುಜು ಬಿತ್ತು. ಮರುದಿನ ಬೆಳಗ್ಗೆ ಜನ ಅದನ್ನು ರೇಡಿಯೋದಲ್ಲಿ ಕೇಳಿದರು. ಕೇಳುವ ಹೊತ್ತಿಗೆ ಅವರ ಹಕ್ಕುಗಳು ಬೇರೆಯಾಗಿದ್ದವು.

ಇದಕ್ಕೆ ಹೋಲಿಸಿದರೆ ‘ಹೇಳಿಕೆ’ ಬಹಳ ಸಾಧು. ಮದುವೆಗೆ ಕರೆಯುವುದು ಹೇಳಿಕೆ; ಜಾತ್ರೆಯಲ್ಲಿ ದೇವರು ಮೈಮೇಲೆ ಬಂದವನು ಕೊಡುವುದು ಹೇಳಿಕೆ; ನ್ಯಾಯಾಲಯದಲ್ಲಿ ಸಾಕ್ಷಿ ಕೊಡುವುದೂ ಹೇಳಿಕೆ. ಹೂವಿನಹಡಗಲಿಯ ಕಡೆಯ ಮೈಲಾರದಲ್ಲಿ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ ನೆರೆದ ಲಕ್ಷಾಂತರ ಜನರನ್ನು ನಿಶ್ಶಬ್ದಗೊಳಿಸಿ, ಒಂದೇ ವಾಕ್ಯದ ಕಾರಣಿಕವನ್ನು ನುಡಿಯುತ್ತಾನೆ. ಅದರ ಅರ್ಥವೇನೆಂದು ವರ್ಷವೆಲ್ಲ ಚರ್ಚೆ; ಮಳೆಯೆಂದು ಒಬ್ಬರು, ರಾಜಕೀಯವೆಂದು ಇನ್ನೊಬ್ಬರು. ನಮ್ಮ ಪತ್ರಿಕೆಗಳಲ್ಲಿ ಮುಖಂಡರು ಕೊಡುವ ಹೇಳಿಕೆಗಳಿಗೂ ಈ ಗುಣ ಅಂಟಿಕೊಂಡಿರುವಂತಿದೆ. ವ್ಯತ್ಯಾಸವೇನೆಂದರೆ ಗೊರವಯ್ಯನು ಮರುದಿನ ‘ಸ್ಪಷ್ಟನೆ’ ಕೊಡುವುದಿಲ್ಲ. ಹೇಳಿಕೆಯಿಂದ ಲೋಕದಲ್ಲಿ ಏನೂ ಬದಲಾಗುವುದಿಲ್ಲ; ಹೇಳಿದವನು ಅದಕ್ಕೆ ಬದ್ಧನಾಗಿ ನಿಂತರೆ ಮಾತ್ರ ಅದಕ್ಕೆ ಬೆಲೆ. ಆದುದರಿಂದ ಒಬ್ಬ ಅಧಿಕಾರಸ್ಥರ ಹೇಳಿಕೆಯನ್ನು ಘೋಷಣೆಯೆಂದು ನಂಬಿದವನು ಮೋಸಹೋಗುತ್ತಾನೆ. ಘೋಷಣೆಯನ್ನು ಹೇಳಿಕೆಯೆಂದು ತಿಳಿದು ಸುಮ್ಮನಿದ್ದವನು ನಷ್ಟಪಡುತ್ತಾನೆ.

ಇನ್ನು ಕಣ್ಣಿಗೆ ಸಂಬಂಧಪಟ್ಟ ಪದಗಳು. ಇವುಗಳಲ್ಲಿ ‘ಪ್ರಕಟಣೆ’ಯೂ ‘ಜಾಹೀರಾತೂ’ ಹುಟ್ಟಿನಲ್ಲಿ ಅವಳಿಗಳೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ‘ಪ್ರಕಟ’ವೆಂದರೆ ಸಂಸ್ಕೃತದಲ್ಲಿ ಕಣ್ಣಿಗೆ ಕಾಣುವಂಥದು, ಬಯಲಾದದ್ದು. ‘ಜಾಹೀರು’ ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕ ನಮಗೆ ಬಂದ ಪದ. ಅದಕ್ಕೂ ಅದೇ ಅರ್ಥ, ಬಯಲಾದದ್ದು. ಅರಬ್ಬಿಯ ಬಹುವಚನದ ಬಾಲವನ್ನು ಹಚ್ಚಿಕೊಂಡು ಅದು ಜಾಹೀರಾತಾಯಿತು. ಒಂದು ಕಾಲದಲ್ಲಿ ಸರ್ಕಾರವೂ ಜಾಹೀರಾತನ್ನೇ ಹೊರಡಿಸುತ್ತಿತ್ತು. ಕಾಲಕ್ರಮದಲ್ಲಿ ಸಂಸ್ಕೃತದ ಮಗ ಕಚೇರಿಗೆ ಸೇರಿದ, ಪಾರಸಿಯ ಮಗ ಅಂಗಡಿಗೆ ಸೇರಿದ. ಈಗ ಸಾಬೂನಿಗೆ ಜಾಹೀರಾತು, ಪರೀಕ್ಷೆಗೆ ಪ್ರಕಟಣೆ. ಪತ್ರಿಕೆಯ ಒಂದೇ ಪುಟದಲ್ಲಿ ಒಂದರ ಪಕ್ಕದಲ್ಲೊಂದು ಅಚ್ಚಾಗಿರುವಾಗ ಓದುಗನ ಕಣ್ಣು ಅವುಗಳ ಹಳೆಯ ಬಾಂಧವ್ಯವನ್ನು ಮರೆಯದೆ ಎರಡನ್ನೂ ಒಟ್ಟಿಗೇ ದಾಟಿಬಿಡುತ್ತದೆ. ರಾಜಾನುಕುಂಟೆಯ ಯಜಮಾನರಿಗೆ ಆದದ್ದೂ ಇದೇ ಎಂದು ನನಗೆ ತೋರುತ್ತದೆ.

ಚುನಾವಣೆಯ ‘ಪ್ರಣಾಳಿಕೆ’ಯ ವಿಷಯವಾಗಿ ಒಂದೇ ಮಾತು ಹೇಳಿ ಮುಂದುವರಿಯುತ್ತೇನೆ. ಪ್ರಣಾಳವೆಂದರೆ ನೀರು ಹರಿದುಹೋಗುವ ಕಾಲುವೆ. ದೇವಾಲಯದಲ್ಲಿ ಅಭಿಷೇಕದ ನೀರು ಹೊರಬೀಳುವ ತೂಬಿಗೂ ಅದೇ ಹೆಸರು. ಭರವಸೆಗಳ ಪಟ್ಟಿಗೆ ಈ ಹೆಸರನ್ನಿಟ್ಟವರು ‘ಕ್ರಮ, ಪದ್ಧತಿ’ ಎಂಬ ಅರ್ಥವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ನೀರಿನಂತೆ ಹರಿದುಹೋಗಲೆಂದು ಅವರು ಬಯಸಿರಲಾರರು.

‘ಸೂಚನೆ’ಗೆ ಮೂಲ ‘ಸೂಚ್’, ತೋರಿಸಿಕೊಡುವುದು. ಸೂಜಿಯನ್ನು ಹೇಳುವ ‘ಸೂಚಿ’ಯೂ ಇದರ ನಂಟನೇ. ಸೂಜಿಯ ಮೊನೆಯಂತೆ ಒಂದು ಸಂಗತಿಯ ಕಡೆಗೆ ಬೆರಳು ಮಾಡುವುದು ಸೂಚನೆ. ಇದಕ್ಕೆ ‘ಅಧಿ’ ಎಂಬ ಅಧಿಕಾರದ ಉಪಸರ್ಗವನ್ನು ಸೇರಿಸಿ ‘ಅಧಿಸೂಚನೆ’ಯನ್ನು ಮಾಡಿಕೊಂಡದ್ದು ಇತ್ತೀಚಿನ ಆಡಳಿತದ ಭಾಷೆ. ಪದ ಕೆಟ್ಟದ್ದೇನೂ ಅಲ್ಲ. ಆದರೆ ಹೊಲದ ಬದುವಿನಲ್ಲಿ ನಿಂತವನಿಗೆ ಅದು ಹೇಳಬೇಕಾದುದನ್ನು ಹೇಳುವುದಿಲ್ಲ. ಇಲ್ಲಿಯೇ ನಮ್ಮ ವಿಷಯದ ತಿರುಳಿರುವುದು.

ಸರ್ಕಾರ ಜಮೀನನ್ನು ವಶಪಡಿಸಿಕೊಳ್ಳುವ ಕ್ರಮದಲ್ಲಿ ಎರಡು ಮೆಟ್ಟಿಲುಗಳುಂಟು. 1894ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2013ರ ಭೂಸ್ವಾಧೀನ ಕಾಯಿದೆಯಲ್ಲಿ 11ನೆಯ ಕಲಮಿನಂತೆ ಮೊದಲು ‘ಪ್ರಾಥಮಿಕ ಅಧಿಸೂಚನೆ’. ಇದು ಉದ್ದೇಶವನ್ನು ತಿಳಿಸುವುದು ಮಾತ್ರ. ಇದನ್ನು ಗೆಜೆಟ್ಟಿನಲ್ಲಿಯೂ, ಎರಡು ದಿನಪತ್ರಿಕೆಗಳಲ್ಲಿಯೂ, ಊರಿನ ಪಂಚಾಯಿತಿಯಲ್ಲಿ ಊರಿನ ಭಾಷೆಯಲ್ಲಿಯೂ ಪ್ರಕಟಿಸಬೇಕು. 15ನೆಯ ಕಲಮಿನಂತೆ ಅಂದಿನಿಂದ 60 ದಿನಗಳೊಳಗಾಗಿ ಜಮೀನಿನಲ್ಲಿ ಹಕ್ಕುಳ್ಳವನು ಲಿಖಿತವಾಗಿ ಆಕ್ಷೇಪಣೆ ಹೇಳಬಹುದು. ಆಕ್ಷೇಪಣೆಗಳ ವಿಚಾರಣೆ ನಡೆದ ಮೇಲೆ 19ನೆಯ ಕಲಮಿನ ‘ಘೋಷಣೆ’. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆಯಲ್ಲಿಯೂ, ಕೈಗಾರಿಕಾ ಪ್ರದೇಶಗಳ 1966ರ ಕಾಯಿದೆಯಲ್ಲಿಯೂ ಮೆಟ್ಟಿಲುಗಳು ಇವೇ. ಗಡುವು ಮಾತ್ರ ನೋಟೀಸು ಮುಟ್ಟಿದಂದಿನಿಂದ 30 ದಿನ.

ಮೊದಲನೆಯದು ಪ್ರಶ್ನೆ, ಎರಡನೆಯದು ತೀರ್ಮಾನ. ಮೊದಲನೆಯದಕ್ಕೆ ಮರುಮಾತು ಉಂಟು. ಎರಡನೆಯದು ಬಂದ ಮೇಲೆ ನ್ಯಾಯಾಲಯದ ಮೆಟ್ಟಿಲೊಂದೇ ಉಳಿಯುವುದು. ಇಷ್ಟು ದೊಡ್ಡ ಅಂತರವಿರುವ ಎರಡು ಕಾಗದಗಳನ್ನು ರೂಢಿಯಲ್ಲಿ ನಾವು ಹೇಗೆ ಕರೆಯುತ್ತೇವೆ? ‘ಪ್ರಾಥಮಿಕ ಅಧಿಸೂಚನೆ’, ‘ಅಂತಿಮ ಅಧಿಸೂಚನೆ’. ಎರಡಕ್ಕೂ ಒಂದೇ ಹೆಸರು. ವಿಶೇಷಣ ಮಾತ್ರ ಬೇರೆ. ‘ಪ್ರಾಥಮಿಕ’ವೆಂಬುದನ್ನು ಕೇಳಿದ ರೈತನಿಗೆ ಇನ್ನೂ ಅವಸರವಿಲ್ಲವೆಂದು ತೋರುವುದು ಸಹಜ. ನಿಜವಾಗಿ ಅವಸರವಿರುವುದು ಅಲ್ಲಿಯೇ.

ಈ ಎರಡು ಕಾಗದಗಳ ನಡುವೆ ಒಂದು ಆಯುಷ್ಯದ ಭಾಗವೇ ಕಳೆದುಹೋಗಬಹುದು. ಯಲಹಂಕದ ಆಸುಪಾಸಿನ 17 ಹಳ್ಳಿಗಳಲ್ಲಿ 3,546 ಎಕರೆಯಷ್ಟು ನೆಲವನ್ನು ಕುರಿತ ಬಡಾವಣೆಯ ಯೋಜನೆಗೆ ಪ್ರಾಥಮಿಕ ಅಧಿಸೂಚನೆ ಬಂದದ್ದು 2008ನೆಯ ಡಿಸೆಂಬರ್ 30ರಂದು. ಅಂತಿಮ ಅಧಿಸೂಚನೆ 2018ನೆಯ ಅಕ್ಟೋಬರ್ 30ರಂದು. ಯೋಜನೆ ಮುಂದುವರಿಯಲೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2018ನೆಯ ಆಗಸ್ಟ್ 3ರಂದು. ಆ ಬಡಾವಣೆಗೆ ಇಟ್ಟಿರುವ ಹೆಸರು ಡಾಕ್ಟರ್ ಶಿವರಾಮ ಕಾರಂತರದು. ನೆಲವನ್ನೂ ನೆಲದ ಜನವನ್ನೂ ಜೀವಮಾನವೆಲ್ಲ ಬರೆದ ಲೇಖಕರ ಹೆಸರು ಅಲ್ಲಿಗೆ ಬಂದದ್ದನ್ನು ಸನ್ಮಾನವೆನ್ನೋಣವೋ ಬೇರೆ ಏನಾದರೂ ಎನ್ನೋಣವೋ, ಶ್ರೋತೃಗಳು ಯೋಚಿಸಬಹುದು.

ಇದರ ಮತ್ತೊಂದು ಮುಖವನ್ನು ರಾಜಾನುಕುಂಟೆಗೆ ಈಶಾನ್ಯದಲ್ಲಿರುವ ದೇವನಹಳ್ಳಿಯಲ್ಲಿ ಕಂಡೆವು. ಅಲ್ಲಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಗಳಿಗೂ ಮೀರಿ ಧರಣಿ ಹೂಡಿದ್ದರು. 2025ನೆಯ ಜುಲೈ 15ರಂದು ಮುಖ್ಯಮಂತ್ರಿಗಳು 1,777 ಎಕರೆಯ ಭೂಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಸಂತೋಷದ ದಿನ. ಆದರೆ ಬಾಯಿಂದ ಬಂದ ಘೋಷಣೆಗೂ ಗೆಜೆಟ್ಟಿನಲ್ಲಿ ಅಚ್ಚಾದ ಘೋಷಣೆಗೂ ಪದವೊಂದೇ ಆದರೂ ತೂಕ ಒಂದೇ ಅಲ್ಲ. ಗೆಜೆಟ್ಟಿನಲ್ಲಿ ಬಂದುದನ್ನು ಹಿಂದಕ್ಕೆ ತೆಗೆಯಬೇಕಾದರೆ ಗೆಜೆಟ್ಟಿನ ಮಾತೇ ಬೇಕು. ‘ಡಿನೋಟಿಫಿಕೇಷನ್’ ಎಂಬ ಉದ್ದನೆಯ ಇಂಗ್ಲಿಷ್ ಪದ ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ, ಇಂಗ್ಲಿಷ್ ಬಾರದವರ ನಾಲಗೆಯ ಮೇಲೂ ಸಲೀಸಾಗಿ ಹೊರಳುವುದನ್ನು ಕೇಳಿದ್ದೇನೆ. ನಷ್ಟಪಟ್ಟು ಕಲಿತ ಪದವನ್ನು ಯಾರೂ ಮರೆಯುವುದಿಲ್ಲ.

ಕಡೆಯದಾಗಿ, ಮಾತಿನ ಒಡೆಯನ ವಿಷಯ. ಗೋಡೆಯ ಮೇಲಿನ ಕಾಗದಗಳ ಕ್ರಿಯಾಪದಗಳನ್ನು ಗಮನಿಸಿ. ‘ತಿಳಿಯಪಡಿಸಲಾಗಿದೆ’, ‘ಆದೇಶಿಸಲಾಗಿದೆ’, ‘ಗಮನಕ್ಕೆ ತರಲಾಗಿದೆ’. ತಿಳಿಯಪಡಿಸಿದವರು ಯಾರು, ಆದೇಶಿಸಿದವರು ಯಾರು, ವಾಕ್ಯದಲ್ಲಿ ಸುಳಿವಿಲ್ಲ. ಮನೆಯಲ್ಲಿ ನಾವಾರೂ ‘ಊಟ ಬಡಿಸಲಾಗಿದೆ’ ಎನ್ನುವುದಿಲ್ಲ. ‘ಬಡಿಸಿದ್ದೇನೆ, ಬನ್ನಿ’ ಎನ್ನುತ್ತೇವೆ. ಇಂಗ್ಲಿಷಿನ ಕರ್ಮಣಿ ಪ್ರಯೋಗದ ನೆರಳಿನಲ್ಲಿ ಬೆಳೆದ ಈ ‘ಲಾಗಿದೆ’ ಕರ್ತೃವನ್ನು ಮರೆಮಾಡುವ ಪರದೆಯಾಗಿಬಿಟ್ಟಿದೆ. ಹಿಂದೆ ತೋಟಿಯ ಕಂಠದ ಹಿಂದೆ ಒಡೆಯ ಅಡಗಿದ್ದ. ಈಗ ವ್ಯಾಕರಣದ ಹಿಂದೆ ಅಡಗಿದ್ದಾನೆ. ತೋಟಿಯನ್ನಾದರೂ ನಿಲ್ಲಿಸಿ ‘ಯಾರು ಹೇಳಿದ್ದಪ್ಪ?’ ಎಂದು ಕೇಳಬಹುದಾಗಿತ್ತು.

ನಮ್ಮ ಹಿಂದಿನವರ ಶಾಸನಗಳು ಹೀಗಿರಲಿಲ್ಲ. ‘ಶಾಸ್’ ಧಾತುವಿಗೆ ಆಜ್ಞಾಪಿಸುವುದೆಂದೂ ಕಲಿಸುವುದೆಂದೂ ಅರ್ಥವುಂಟು. ಶಾಸ್ತ್ರ, ಶಿಷ್ಯ ಎಂಬ ಪದಗಳು ಅದರ ಮಕ್ಕಳೇ. ಶ್ರವಣಬೆಳಗೊಳದಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾದಾಗ, ದೂರು ತಂದವರಾರು, ಕೂಡಿದವರಾರು, ಯಾರ ಕೈಯನ್ನು ಯಾರ ಕೈಯಲ್ಲಿಟ್ಟು ಅರಸನು ಏನು ಹೇಳಿದ, ಈ ಕಟ್ಟನ್ನು ನಡೆಸತಕ್ಕವರಾರು, ತಪ್ಪಿದವರ ಗತಿಯೇನು—ಎಲ್ಲವೂ ಅದರಲ್ಲಿ ಹೆಸರುಹೆಸರಾಗಿ ಬಂದಿದೆ. ದೂರ ಹೋಗಬೇಕಾದುದೂ ಇಲ್ಲ. ಯಲಹಂಕಕ್ಕೆ ದಕ್ಷಿಣದ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು 750ರ ಕಾಲದ್ದೆನ್ನುವ ವೀರಗಲ್ಲಿನಲ್ಲಿಯೂ ಹೋರಾಡಿ ಮಡಿದವನ ಹೆಸರು ಕಿತ್ತಯ್ಯನೆಂದು, ಆಗ ಆಳುತ್ತಿದ್ದವನು ಶ್ರೀಪುರುಷನೆಂದು ಸ್ಪಷ್ಟವಾಗಿದೆ. ಕಲ್ಲಿನ ಮೇಲೆ ಅಕ್ಷರ ಕೊರೆಯುವುದು ಕಷ್ಟ. ಆದರೂ ಅವರು ಕರ್ತೃಪದವನ್ನು ಬಿಡಲಿಲ್ಲ. ನಮಗೆ ಕಾಗದ ಅಗ್ಗ; ಬಿಟ್ಟುಬಿಡುತ್ತೇವೆ.

ಹಾಗಾದರೆ ಆಗಬೇಕಾದುದೇನು? ದೊಡ್ಡ ಸುಧಾರಣೆಯೇನೂ ಬೇಕಿಲ್ಲ. ಬರೀ ತಿಳಿಸುವ ಕಾಗದಕ್ಕೆ ‘ತಿಳಿವಳಿಕೆ’ ಎಂದು ತಲೆಬರಹವಿರಲಿ. ಉತ್ತರವನ್ನು ನಿರೀಕ್ಷಿಸುವ ಕಾಗದದ ನೆತ್ತಿಯ ಮೇಲೆ ‘ಆಕ್ಷೇಪಣೆಗೆ ಆಹ್ವಾನ’ ಎಂದು ದಪ್ಪಕ್ಷರದಲ್ಲಿ ಬರೆದು, ಕಡೆಯ ದಿನಾಂಕವನ್ನು ಅದರ ಕೆಳಗೇ ನಮೂದಿಸಲಿ. ತೀರ್ಮಾನವಾದ ಮೇಲಿನ ಕಾಗದಕ್ಕೆ ಮಾತ್ರ ‘ಘೋಷಣೆ’ಯೆಂಬ ಹೆಸರನ್ನು ಮೀಸಲಾಗಿಡಲಿ. ಮತ್ತು ಪ್ರತಿಯೊಂದರಲ್ಲಿಯೂ ‘ನಾನು’ ಅಥವಾ ‘ನಾವು’ ಎಂದು ಹೇಳುವ ಒಬ್ಬ ಮನುಷ್ಯನಿರಲಿ. ಕಾನೂನಿನ ಭಾಷೆಯನ್ನು ಕನ್ನಡಕ್ಕೆ ತರುವ ಕೆಲಸದಲ್ಲಿರುವ ನಮ್ಮ ವಿದ್ಯಾವಂತರು ಅನುವಾದವಾದೊಡನೆ ಕೆಲಸ ಮುಗಿಯಿತೆಂದುಕೊಳ್ಳದೆ, ಅದನ್ನು ಒಮ್ಮೆ ಯಾರಾದರೊಬ್ಬ ರೈತನಿಗೆ ಓದಿಹೇಳಿ, ‘ಏನು ತಿಳಿಯಿತು?’ ಎಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಯಿಲ್ಲ.

ನಾನು ಮಾತನಾಡುತ್ತಿರುವ ಈ ಸಾಧನದ ಹೆಸರನ್ನು ನೆನೆದು ಮುಗಿಸುತ್ತೇನೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ನಿಲಯಕ್ಕೆ ‘ಆಕಾಶವಾಣಿ’ಯೆಂದು ಹೆಸರಾಯಿತು, ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ಪುರಾಣದ ಆಕಾಶವಾಣಿಗೆ ಶರೀರವಿಲ್ಲ. ದೇವಕಿಯ ಮದುವೆಯ ದಿನ ಕಂಸನು ಅದನ್ನು ಕೇಳಿದ; ‘ಹೇಳುತ್ತಿರುವ ನೀನಾರು?’ ಎಂದು ತಿರುಗಿ ಕೇಳಲು ಅವನಿಗೂ ಸಾಧ್ಯವಾಗಲಿಲ್ಲ. ಅಶರೀರವಾಗಿ ಮಾತನಾಡುವ ಹಕ್ಕು ಆಕಾಶಕ್ಕಿರಲಿ. ನೆಲದ ವಿಷಯವಾಗಿ ಮಾತನಾಡುವವರು ಮಾತ್ರ ನೆಲದ ಮೇಲೆ ನಿಂತು, ಹೆಸರು ಹೇಳಿ, ಮರುಮಾತಿಗೆ ಸಮಯ ಕೊಟ್ಟು ಮಾತನಾಡತಕ್ಕದ್ದು.

ರಾಜಾನುಕುಂಟೆಯ ಯಜಮಾನರು ಈ ಮಾತುಗಳನ್ನು ಕೇಳುತ್ತಿದ್ದರೆ, ಅವರಿಗೆ ನನ್ನ ಉತ್ತರ ಇಷ್ಟೇ: ಮೂರನೆಯ ಕಾಗದ, ಯಜಮಾನರೇ. ಅದರಲ್ಲಿರುವ ಸರ್ವೆ ನಂಬರನ್ನೂ ತಾರೀಖನ್ನೂ ಬರೆದುಕೊಳ್ಳಿ. ಗಡುವಿನೊಳಗೆ ಉತ್ತರ ಕೊಡಿ. ನಿಮ್ಮ ತಕರಾರಿನ ಕೆಳಗೆ ನಿಮ್ಮ ಹೆಸರನ್ನು ಬರೆಯಲು ಮರೆಯಬೇಡಿ.